ಹರಣಿಯ ಹಳೇ ಎಕ್ಸ್‌ರೇ

ಜೈಸಿಂಗಪುರದ ಸ್ಟೇಷನ್ ರೋಡಿನಲ್ಲಿ ಲಾಟಕರ್ ಡಾಕ್ಟರರ ಪ್ರಾಣಿ ದವಾಖಾನೆಗೂ ನನ್ನ ಔಷಧದ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಕಡೆ ನಾಯಿಗೆ ಸೂಜಿ ಚುಚ್ಚಿದರೆ ಈ ಕಡೆ ನನಗೆ ಕೇಳಿಸುತ್ತದೆ. ಅಥಣಿಯಿಂದ ಸೊಸೆಯಾಗಿ ಬಂದವಳು ನಾನು, ಕೂದಲು ನರೆಯುವವರೆಗೂ ಈ ಗೋಡೆಗೆ ಒರಗಿಯೇ ಕೂತಿದ್ದೇನೆ. ಹಾಗಾಗಿ ಅಲ್ಲಿ ಎಕ್ಸ್‌ರೇ ತೆಗೆಯುವ ಸುಲಭಾ ಮಗದುಮ್ ವಿಷಯ ಹೇಳುವ ಹಕ್ಕು ನನಗಿದ್ದಷ್ಟು ಅವಳ ಗಂಡನಿಗೂ ಇಲ್ಲ. ಅವನು ಪಾಪ, ನೂಲಿನ ಗಿರಣಿಯಿಂದ ಬಂದು ಕುಕ್ಕರ್ ಇಟ್ಟು, ಉಂಡು ಮಲಗುವವನು.

ಸುಲಭಾ ಕುಳ್ಳಿ, ಗಟ್ಟಿಮುಟ್ಟು ಹೆಂಗಸು. ಸೀಸದ ಭಾರವಾದ ಏಪ್ರನ್ನನ್ನು ಸೀರೆಯ ಮೇಲೆ ಹಾಕಿಕೊಂಡು ಹೋರಿಯ ಮುಂದೆ ನಿಂತು "ಗಪ್" ಅಂದಳೆಂದರೆ ಹೋರಿ ಗಪ್ಪಾಗುತ್ತದೆ. ಅದರ ಯಜಮಾನನೂ ಗಪ್ಪಾಗುತ್ತಾನೆ. ಹರೆಯದಲ್ಲಿ ಮಿರಜಿನ ಆಸ್ಪತ್ರೆಯೊಂದರ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದವಳು. ಅಲ್ಲಿ ಎಲುಬಿನ ಚಿತ್ರ ಅಂದರೆ ಕೈಯಲ್ಲಿ ಹಿಡಿಯುವ ವಸ್ತು. ಲಾಟಕರ್ ಡಾಕ್ಟರು ಡಿಜಿಟಲ್ ಯಂತ್ರ ತಂದ ಮೇಲೆ ಚಿತ್ರ ಪರದೆಯ ಮೇಲೆ ಬರತೊಡಗಿತು, ಮರುಕ್ಷಣ ಹೋಗತೊಡಗಿತು. ಹೋದದ್ದು ಎಲ್ಲಿ ಕೂರುತ್ತದೆ ಅನ್ನುವುದೇ ಅವಳಿಗೆ ತಳಮಳ. ಒಂದು ಸಲ ಕಂಪ್ಯೂಟರ್ ಕೆಟ್ಟು ಒಂದು ವಾರದ ಚಿತ್ರಗಳು ಮಾಯವಾದ ಮೇಲಂತೂ ಅವಳು ಅದನ್ನು ನಂಬುವುದನ್ನೇ ಬಿಟ್ಟಳು.

ಡಾಕ್ಟರ ಬೆನ್ನು ಬಿದ್ದು ಎರಡು ಡಿಸ್ಕ್ ತರಿಸಿದಳು. ಒಂದು ದವಾಖಾನೆಯಲ್ಲಿ, ಒಂದು ಅವಳ ಮನೆಯಲ್ಲಿ, ದಿನವೂ ಅದಲುಬದಲು. ಸಂಜೆ ಆ ದಿನದ ಚಿತ್ರಗಳನ್ನೆಲ್ಲ ಇಳಿಸಿಕೊಂಡು, ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಸ್ಕೂಟರ್ ಹತ್ತುತ್ತಿದ್ದಳು. ಮನೆಯಲ್ಲಿ ಅದರ ಜಾಗ ಜೋಳದ ಹಿಟ್ಟಿನ ಡಬ್ಬದ ಹಿಂದೆ. ಸುಲಭಾತಾಯಿ ದಿನಾ ಊರ ನಾಯಿಗಳ ಎಲುಬೆಲ್ಲ ಮನೆಗೆ ಒಯ್ಯುತ್ತಾರೆ, ಸಾರು ಮಾಡುತ್ತಾರೋ ಏನೋ ಎಂದು ಡಾಕ್ಟರು ಕಾಡುತ್ತಿದ್ದರು. ಜೈನರ ಮನೆಯವಳಿಗೆ ಆಡುವ ಮಾತೇ ಇದು? ಅವಳು ನಗುತ್ತಿದ್ದಳು. ಡಿಸ್ಕ್ ಒಯ್ಯುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ತಪ್ಪಿಸಿದ್ದು ಖಂಡೇನವಮಿಯ ದಿನ. ಆ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಪೂಜೆಗೆ ಇಟ್ಟದ್ದನ್ನು ದಸರೆಯ ಬೆಳಗಿನವರೆಗೆ ಯಾರೂ ಎತ್ತುವುದಿಲ್ಲ, ಬಳಸುವುದೂ ಇಲ್ಲ. ಡಾಕ್ಟರು ಕತ್ತರಿ, ಚಾಕು, ಸೂಜಿಗಳನ್ನೆಲ್ಲ ಕಂಪ್ಯೂಟರ್ ಮೇಜಿನ ಮೇಲೆ ಜೋಡಿಸಿದರು. ಸುಲಭಾ ಹೊಸ ಕೆಂಪು ಬಟ್ಟೆ ಹಾಸಿ, ದವಾಖಾನೆಯ ಡಿಸ್ಕನ್ನು ಇಟ್ಟು, ಚೀಲದಿಂದ ಮನೆಯ ಡಿಸ್ಕನ್ನೂ ತೆಗೆದು ಅದರ ಪಕ್ಕ ಇಟ್ಟಳು. ಪ್ರಸಾದಕ್ಕೆಂದು ಹೋದ ನಾನು ಅಲ್ಲೇ ನಿಂತಿದ್ದೆ. ಒಂದೇ ಸಾಲದೇನೆ ಎಂದು ಕೇಳಿದೆ.

"ಒಂದಕ್ಕ ಕುಂಕುಮ ಹಚ್ಚಿ ಇನ್ನೊಂದನ್ನ ಮನ್ಯಾಗ ಬಿಡಾಕ ಅದೇನ್ ಮಲಮಗನ, ವೈನಿ?" ಎಂದಳು; ನನ್ನನ್ನು ಅತ್ತಿಗೆಯೆಂದೇ ಕರೆಯುವವಳು.

ಮಾತು ಸರಿಯೇ ಅನ್ನಿಸಿತು. ಡಾಕ್ಟರಿಗೂ ಸರಿ ಅನ್ನಿಸಿತು. ಎಲ್ಲಕ್ಕೂ ಚೆಂಡುಹೂವು ಏರಿಸಿ, ಎಣ್ಣೆಯ ದೀಪ ಹಚ್ಚಿ, ಆರಿಸಬಾರದೆಂದು ಹಾಗೆಯೇ ಬಿಟ್ಟು ಬಾಗಿಲು ಹಾಕಿದರು. ಎಣ್ಣೆಯ ಆಸೆಗೆ ಬಂದ ಇಲಿ ಉರಿಯುವ ಬತ್ತಿಯನ್ನೇ ಎಳೆದಿರಬೇಕು. ದಸರೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಮೇಜಿದ್ದ ಜಾಗದಲ್ಲಿ ಕರಿ ಬೂದಿ, ಕರಗಿದ ಪ್ಲಾಸ್ಟಿಕ್ಕು. ಪುಣ್ಯಕ್ಕೆ ಎಕ್ಸ್‌ರೇ ಯಂತ್ರ ಆಚೆ ಕೋಣೆಯಲ್ಲಿತ್ತು, ಹಿತ್ತಲಿನ ಗೂಡುಗಳಲ್ಲಿದ್ದ ಪ್ರಾಣಿಗಳಿಗೂ ಏನೂ ಆಗಿರಲಿಲ್ಲ. ಕಂಪ್ಯೂಟರು, ಎರಡೂ ಡಿಸ್ಕುಗಳು ಮುಗಿದಿದ್ದವು. ಅಷ್ಟು ವರ್ಷ ಬೇರೆ ಬೇರೆ ಮಲಗುತ್ತಿದ್ದ ಡಿಸ್ಕುಗಳು ಒಟ್ಟಿಗೆ ಮಲಗಿದ್ದು ಅದೊಂದೇ ದಿನ.

ಸುಲಭಾ ಹೊಸ್ತಿಲಲ್ಲೇ ಕೂತುಬಿಟ್ಟಳು. ನಾನು ನೀರು ಕೊಟ್ಟರೆ ಕುಡಿಯಲಿಲ್ಲ. ಇಲಿಯನ್ನು ಬೈದೆ, ದೀಪ ಬಿಟ್ಟ ಡಾಕ್ಟರನ್ನು ಬೈದೆ, ಕೊನೆಗೆ ನನ್ನನ್ನೂ ಬೈದುಕೊಂಡೆ. ಡಾಕ್ಟರು ದೊಡ್ಡ ಮನಸ್ಸಿನವರು. ಹೋದದ್ದು ಹೋಯಿತು, ಜೀವಕ್ಕೇನೂ ಆಗಲಿಲ್ಲವಲ್ಲ, ಇವತ್ತಿನಿಂದ ಹೊಸದಾಗಿ ಶುರು ಮಾಡೋಣ ಎಂದು ಮರುದಿನವೇ ಹೊಸ ಕಂಪ್ಯೂಟರ್ ತರಿಸಿದರು. ಅವಳೂ ಹಾಗೇ ಮರೆಯುತ್ತಿದ್ದಳೋ ಏನೋ, ಆದರೆ ಆ ವಾರದಲ್ಲೇ ಧುಳಾ ಗಾವಡೆ ಹರಣಿಯನ್ನು ಎತ್ತಿಕೊಂಡು ಬಂದ.

ಧುಳಾ ಕುರಿ ಕಾಯುವ ಧನಗರ. ದೀಪಾವಳಿ ಮುಗಿದ ಕೂಡಲೇ ಹಿಂಡು ಹೊಡೆದುಕೊಂಡು ಘಾಟಿ ಇಳಿದು ಕೊಂಕಣಕ್ಕೆ ಹೋದರೆ ಮಳೆಗಾಲದ ಹೊತ್ತಿಗೇ ವಾಪಸು. ಹರಣಿ ಅವನ ಬೇಟೆನಾಯಿ, ಸಣ್ಣ ಸೊಂಟದ್ದು, ಉದ್ದ ಕಾಲಿನದು. ಆ ನಾಯಿಯನ್ನು ನೋಡಿ ತೋಳ ಹಿಂದೆ ಸರಿಯುತ್ತಿತ್ತು ಅನ್ನುತ್ತಾರೆ. ಈಗ ಮುಂಗಾಲು ಊರದೆ ಕುಂಟುತ್ತಿತ್ತು. ಸುಲಭಾ ಯಂತ್ರದ ಕೆಳಗೆ ಮಲಗಿಸಿ ಚಿತ್ರ ತೆಗೆದಳು. ಹೆಗಲಿನ ಹತ್ತಿರದ ಎಲುಬಿನಲ್ಲಿ ಒಂದು ಗಂಟು ಕಂಡಿತು. ಡಾಕ್ಟರು ಎದೆಯದೂ ಒಂದು ಚಿತ್ರ ತೆಗೆಸಿ ನೋಡಿದರು. ಇದು ಕೆಟ್ಟ ಗಡ್ಡೆಯ ಹಾಗೆ ಕಾಣುತ್ತದೆ, ಇನ್ನೂ ಎದೆಗೆ ಹಬ್ಬಿಲ್ಲ, ಈಗಲೇ ಕಾಲು ತೆಗೆದರೆ ನಾಯಿ ಉಳಿಯುತ್ತದೆ ಎಂದರು. ತುಣುಕು ತೆಗೆದು ಮುಂಬಯಿಗೆ ಪರೀಕ್ಷೆಗೆ ಕಳಿಸಬಹುದು, ಆದರೆ ವರದಿ ಬರುವಷ್ಟರಲ್ಲಿ ಹಿಂಡು ಘಾಟಿ ಇಳಿದಿರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು.

ಧುಳಾ ಒಲ್ಲೆನೆಂದು ತಲೆ ಆಡಿಸಿಬಿಟ್ಟ. ಮೂರು ವರ್ಷದ ಕೆಳಗೆ ಈ ನಾಯಿಗೆ ಜೀಪು ಬಡಿದಿತ್ತು, ಇದೇ ಕಾಲು. ಆಗಲೂ ಇಲ್ಲಿಯೇ ಎಕ್ಸ್‌ರೇ ಆಗಿತ್ತು. ಇದು ಆಗಿನ ಪೆಟ್ಟೇ, ಎಲುಬು ಗಂಟುಕಟ್ಟಿ ಕೂಡಿಕೊಂಡಿದೆ ಅನ್ನುವುದು ಅವನ ವಾದ. ಡಾಕ್ಟರು ಹಾಗೂ ಇರಬಹುದು ಎಂದೇ ಒಪ್ಪಿದರು. ಎಷ್ಟೋ ನಾಯಿಗಳನ್ನು ನೋಡುವವರು, ಆಗಿನ ಚಿತ್ರ ಅವರಿಗೆ ನೆನಪಿರಲಿಲ್ಲ. ಆ ಚಿತ್ರ ಕೈಯಲ್ಲಿದ್ದರೆ ಪಕ್ಕ ಇಟ್ಟು ನೋಡುವುದು ಒಂದು ನಿಮಿಷದ ಕೆಲಸ.

"ಹಳೇ ಫೋಟೋ ತೋರಸ್ರಿ" ಎಂದ ಧುಳಾ. "ಅದರಾಗ ಈ ಗಂಟಿನ ಜಾಗಾಕ್ಕ ಪೆಟ್ಟ ಇಲ್ಲಂದ್ರ ಕಾಲ ತಗೀರಿ, ನಾನ ಹಿಡಕೊಂಡ ನಿಂದರತೀನಿ. ಇತ್ತಂದ್ರ ನನ್ನ ನಾಯಿ ಮುಟ್ಟಬ್ಯಾಡ್ರಿ. ಮೂರ ಕಾಲಿನ ನಾಯಿ ಕುರಿ ಹಿಂದ ಓಡೂದಿಲ್ಲ."

ಡಾಕ್ಟರು ಸುಲಭಾಳ ಕಡೆ ನೋಡಲಿಲ್ಲ, ಅದು ಅವರ ಒಳ್ಳೆಯತನ. ಅವಳೇ ಮುಂದೆ ಬಂದಳು. ದೀಪಾವಳಿ ತನಕ ತಡಿ, ಹುಡುಕಿ ತರುತ್ತೇನೆ ಎಂದು ಧುಳಾನಿಗೆ ಮಾತು ಕೊಟ್ಟಳು. ಸುಟ್ಟು ಬೂದಿಯಾದದ್ದನ್ನು ಎಲ್ಲಿಂದ ತರುತ್ತೀಯೆ ಎಂದು ನಾನು ಆಮೇಲೆ ರೇಗಿದೆ. ಅವಳು ನನ್ನ ಕಡೆಯಿಂದ ಒಂದು ಆಸ್ಪಿರಿನ್ ಮಾತ್ರೆ ತೆಗೆದುಕೊಂಡು ನುಂಗಿ ಹೊರಟಳು.

ಮೊದಲು ಅವಳಿಗೆ ಹೊಳೆದದ್ದು ಜೀಪಿನವನು. ತಾಸಗಾವ್ ಕಡೆಯ ದ್ರಾಕ್ಷಿ ತೋಟದ ಹಿಂದುರಾವ್ ಪಾಟೀಲ. ಅವತ್ತು ತನ್ನ ಜೀಪಿಗೆ ಸಿಕ್ಕ ನಾಯಿಯನ್ನು ತಾನೇ ಹೊತ್ತು ತಂದಿದ್ದ, ಪರಿಚಯದ ಇನ್ನೊಬ್ಬ ಡಾಕ್ಟರಿಗೂ ತೋರಿಸುತ್ತೇನೆಂದು ಚಿತ್ರವನ್ನು ಸಿಡಿಯಲ್ಲಿ ಹಾಕಿಸಿಕೊಂಡು ಹೋಗಿದ್ದ. ಸುಲಭಾ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದಳು. ಹಿಂದುರಾವ್ ಚಹಾ ಕೊಟ್ಟ, ಹರಣಿಯ ಸಮಾಚಾರ ಕೇಳಿ ಅಯ್ಯೋ ಅಂದ. ಸಿಡಿ ಎಲ್ಲಿ ಎಂದರೆ ಕೈ ಎತ್ತಿ ತೋಟ ತೋರಿಸಿದ.

"ಅಲ್ಲಿ ಅದಾವ ನೋಡ್ರಿ ಅಕ್ಕಾ, ಹಕ್ಕಿ ಓಡಸಾಕತ್ತಾವು."

ಮನೆಯಲ್ಲಿದ್ದ ಸಿಡಿಗಳನ್ನೆಲ್ಲ, ಹಾಡಿನದು, ಮದುವೆಯದು, ನಾಯಿಯದು, ಎಲ್ಲವನ್ನೂ ದಾರಕ್ಕೆ ಪೋಣಿಸಿ ಬಳ್ಳಿಗಳ ಮೇಲೆ ತೂಗುಹಾಕಿದ್ದ. ಬಿಸಿಲಿಗೆ ಹೊಳೆದರೆ ಹಕ್ಕಿ ಬರುವುದಿಲ್ಲ, ಆ ಕಡೆಯ ತೋಟಗಳಲ್ಲೆಲ್ಲ ಹಾಗೇ. ನಾವು ಸಾಲು ಸಾಲು ತಿರುಗಿ ಒಂದೊಂದನ್ನೂ ಮಗುಚಿ ನೋಡಿದೆವು. ನನ್ನ ಸೀರೆಗೆಲ್ಲ ತೋಟಕ್ಕೆ ಹೊಡೆದ ಔಷಧದ ನೀಲಿ ಬಳಿದುಕೊಂಡಿತು. ಕೊನೆಗೆ ಒಂದರ ಮೇಲೆ ಸುಲಭಾಳದೇ ಅಕ್ಷರ ಸಿಕ್ಕಿತು, ಮಾಸಿಹೋದ "ಗಾವಡೆ". ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಊರಿಗೆ ತಂದು ಹೊಸ ಕಂಪ್ಯೂಟರಿಗೆ ಹಾಕಿದರೆ ಗರಗರ ಅಂದಿತು, ಅಷ್ಟೇ. ಬಿಸಿಲು ಅದರೊಳಗಿನದನ್ನೆಲ್ಲ ತಿಂದು ಮುಗಿಸಿತ್ತು.

ನಾನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದೆ. ಸುಲಭಾ ಮಾರನೆಯ ದಿನ ನನ್ನ ಅಂಗಡಿಗೆ ಬಂದು, ಪುಣೆಗೆ ಹೋಗಬೇಕು, ಬರುತ್ತೀಯಾ ಎಂದಳು. ಎರಡು ವರ್ಷದ ಹಿಂದೆ ಯಂತ್ರದ ಕಂಪನಿಯಿಂದ ಕೌಸ್ತುಭ ಎಂಬ ಇಂಜಿನಿಯರ್ ರಿಪೇರಿಗೆ ಬಂದಿದ್ದ. ಕಂಪ್ಯೂಟರಿನೊಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವ ಮುಂಚೆ, ಏನಾದರೂ ಹೆಚ್ಚುಕಮ್ಮಿಯಾದೀತೆಂದು ಚಿತ್ರಗಳನ್ನೆಲ್ಲ ತನ್ನ ಡಿಸ್ಕಿಗೆ ಇಳಿಸಿಕೊಂಡಿದ್ದ. ಅದು ಇಳಿಯುವಷ್ಟು ಹೊತ್ತು ಅವಳ ಡಬ್ಬಿಯ ಜೋಳದ ಭಕ್ರಿ, ಶೇಂಗಾ ಚಟ್ನಿ ತಿನ್ನುತ್ತಾ ಕೂತಿದ್ದ, ಅದರಿಂದ ಅವಳಿಗೆ ನೆನಪು. ಫೋನ್ ಮಾಡಿದರೆ, ಕೆಲಸ ಮುಗಿದ ಮೇಲೆ ಅಂಥದ್ದನ್ನು ಅಳಿಸುವುದು ನಮ್ಮ ನಿಯಮ ಎಂದಿದ್ದನಂತೆ. ಅಳಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ ವೈನಿ ಎಂದಳು. ಅಂಥ ಬಿರುಕಿನಲ್ಲಿ ಬೆರಳು ಹಾಕುವವಳು ಅವಳು.

ಅಂಗಡಿಗೆ ಬೀಗ ಜಡಿದು, ಗೊಣಗುತ್ತಲೇ ಬಸ್ಸು ಹತ್ತಿದೆ. ಪುಣೆಯ ಆ ಆಫೀಸಿನಲ್ಲಿ ಕೌಸ್ತುಭ ನಮ್ಮನ್ನು ನೋಡಿ ಬೆವರಿದ. ಅದೇ ನಿಯಮದ ಮಾತನ್ನು ಮತ್ತೆ ಹೇಳಿದ. ಸುಲಭಾ ಹೊರಗಿನ ಬೆಂಚಿನ ಮೇಲೆ ಕೂತಳು. ಊಟದ ಹೊತ್ತಾಯಿತು, ಬುತ್ತಿ ಬಿಚ್ಚಿ ಉಂಡಳು, ಅವನಿಗೂ ಒಂದು ಭಕ್ರಿ ಕಳಿಸಿದಳು. ಹೋಗುವ ಬರುವವರೆಲ್ಲ ನೋಡತೊಡಗಿದರು. ಕೊನೆಗೆ ಅವನೇ ಬಂದು, ಅವ್ವಾರ, ಮೇಲಿನವರಿಗೆ ತಿಳಿದರೆ ನನಗೆ ತೊಂದರೆ ಎಂದು ಮೆಲ್ಲಗೆ ಹೇಳಿದ.

"ನಾ ದೂರು ಕೊಡಾಕ ಬಂದಾಕಿ ಅಲ್ಲಪಾ" ಎಂದಳು ಸುಲಭಾ. "ನೀ ಅಳಸಿದ್ರ ನಿನ್ನ ನೌಕರಿಗೆ ಚಲೋ. ಅಳಸದ ಮರತಿದ್ರ ಆ ನಾಯಿಗೆ ಚಲೋ. ಯಾವದು ಖರೇ ಅಷ್ಟ ಹೇಳು, ನಾ ಎದ್ದು ಹೋಗತೀನಿ."

ಅವನು ಒಳಗೆ ಹೋಗಿ ಕಪಾಟಿನ ತಳದಿಂದ ವೈರುಗಳ ಗುಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಳೇ ಡಿಸ್ಕ್ ತಂದ. ಅಳಿಸುವುದನ್ನು ಮರೆತಿದ್ದ ಮಹಾರಾಯ. ಅವನಿಗೆ ಅವತ್ತು ನಾನು ಮನಸ್ಸಿನಲ್ಲೇ ಸಾವಿರ ವರ್ಷ ಆಯುಷ್ಯ ಹಾರೈಸಿದೆ. ಅದರಲ್ಲಿ ರಿಪೇರಿಯ ದಿನದವರೆಗಿನ ನಮ್ಮೂರಿನ ಆಕಳು, ಬೆಕ್ಕು, ಕುದುರೆ, ನಾಯಿಗಳೆಲ್ಲ ಇದ್ದವು. ಸುಲಭಾ ಪರದೆಗೆ ಮುಖ ಹತ್ತಿರ ಇಟ್ಟು ಹುಡುಕಿ ಹರಣಿಯ ಚಿತ್ರ ತೆರೆದಳು.

ನಾನು ಅವಳ ಮುಖ ನೋಡುತ್ತಿದ್ದೆ. ನಗಬೇಕಿತ್ತು, ನಗಲಿಲ್ಲ. ಎಲುಬಿನ ಭಾಷೆ ನನಗೆ ಬರುವುದಿಲ್ಲ, ಆದರೂ ಅವಳು ಬೆರಳಿಟ್ಟು ತೋರಿಸಿದ ಮೇಲೆ ನನಗೂ ಕಂಡಿತು. ಜೀಪಿನ ಪೆಟ್ಟು ಕೆಳಗೆ, ಪಂಜದ ಹತ್ತಿರ, ಕೂದಲೆಳೆಯಷ್ಟು ಬಿರುಕು. ಹೆಗಲಿನ ಹತ್ತಿರದ ಎಲುಬು ನುಣ್ಣಗೆ, ಶುಭ್ರವಾಗಿತ್ತು. ಅಲ್ಲಿ ಪೆಟ್ಟಿನ ಗುರುತೇ ಇರಲಿಲ್ಲ.

ವಾಪಸು ಬರುವಾಗ ಅವಳು ಕೌಸ್ತುಭ ಮಾಡಿಕೊಟ್ಟ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಸಾತಾರಾ ದಾಟುವವರೆಗೂ ಅತ್ತಳು. ಹಳೇ ಪೆಟ್ಟು ಅದೇ ಜಾಗದಲ್ಲಿರಲಿ, ಕಾಲು ಉಳಿಯಲಿ ಎಂದು ಹರಕೆ ಹೊತ್ತಿದ್ದಳಂತೆ. ನನಗೆ ಸಿಟ್ಟು ಬಂತು. ಇದಕ್ಕಾಗಿ ಇಷ್ಟು ಒದ್ದಾಡಬೇಕಿತ್ತಾ, ಸಿಗಲಿಲ್ಲ ಎಂದರೆ ಯಾರು ಕೇಳುತ್ತಾರೆ, ಆ ನಾಯಿ ಇನ್ನೊಂದಿಷ್ಟು ದಿನ ನಾಲ್ಕು ಕಾಲಲ್ಲಿ ಇದ್ದು ಹೋಗಲಿ ಎಂದುಬಿಟ್ಟೆ. ಹೀಗೆ ಅಂದದ್ದು ನಾನೇ, ಹೌದು.

ಅವಳು ಮೂಗು ಒರೆಸಿಕೊಂಡಳು. "ನನ್ನಿಂದ ಸುಟ್ಟದ್ದು ಒಂದ ಸಲ ಸಾಕ ವೈನಿ. ಕೈಯಾಗ ಇದ್ದದ್ದನ್ನ ಇಲ್ಲ ಅಂದ್ರ ಎರಡನೇ ಸಲ ನಾನ ಸುಟ್ಟಂಗ."

ದವಾಖಾನೆಯಲ್ಲಿ ಡಾಕ್ಟರು ಎರಡೂ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೆರೆದರು. ಧುಳಾ ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಇದನ್ನು ನೋಡಿದ, ಅದನ್ನು ನೋಡಿದ, ಮತ್ತೆ ಇದನ್ನು ನೋಡಿದ. ಕುರಿಯ ಕಾಲು ಮುರಿದರೆ ಬಿದಿರು ಕಟ್ಟಿ ಕೂಡಿಸುವ ಕೈ ಅದು, ಎಲುಬು ಅವನಿಗೆ ಹೊಸದಲ್ಲ. ಗಂಟಿನ ಜಾಗದ ಮೇಲೆ ಬೆರಳು ಇಟ್ಟ. ಹಳೇ ಚಿತ್ರದಲ್ಲಿ ಅದೇ ಜಾಗಕ್ಕೆ ಬೆರಳು ಒಯ್ದು, ಇಲ್ಲ ಎಂದ. ಹರಣಿಯನ್ನು ತಾನೇ ಎತ್ತಿ ಮೇಜಿನ ಮೇಲೆ ಮಲಗಿಸಿ, ಅದಕ್ಕೆ ಮಂಪರು ಹತ್ತುವವರೆಗೂ ತಲೆ ಹಿಡಿದುಕೊಂಡು ನಿಂತ. ಸುಲಭಾ ಎದುರಿಗೆ ನಿಂತು ಕಾಲು ಹಿಡಿದಿದ್ದಳು. ಗೋಡೆಯ ಈ ಕಡೆ ನಾನು ಔಷಧ ಕೇಳಿದವರಿಗೆಲ್ಲ ತಪ್ಪು ಡಬ್ಬಿ ತೆಗೆದುಕೊಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಹಿಂಡು ಬೈಪಾಸ್ ರಸ್ತೆಯಲ್ಲಿ ಹೋಗುತ್ತದೆಂದು ಸುದ್ದಿ ಬಂತು. ನಾನೂ ಸುಲಭಾಳೂ ಹೋಗಿ ನಿಂತೆವು. ಕುರಿಗಳ ಹಿಂದೆ ಗಂಟುಮೂಟೆ ಹೊತ್ತ ಕುದುರೆ, ಅದರ ಬೆನ್ನಿನ ಜೋಳಿಗೆಯಲ್ಲಿ ಆಗಷ್ಟೇ ಹುಟ್ಟಿದ ಮರಿಗಳು, ಮರಿಗಳ ನಡುವೆ ಹರಣಿ. ಹೊಲಿಗೆ ಮಾಗಿತ್ತು. ಮರಿಗಳ ಜೊತೆ ಕೂರಿಸಿದ್ದಕ್ಕೆ ಅದಕ್ಕೆ ಭಾರೀ ಅವಮಾನವಾದಂತಿತ್ತು, ಮುಖ ಆ ಕಡೆ ತಿರುಗಿಸಿತ್ತು. ಸುಲಭಾ ಧುಳಾನ ಹತ್ತಿರ ಹೋಗಿ, ನಿನ್ನ ನಾಯಿಯ ಕಾಲು ಉಳಿಸಲು ಆಗಲಿಲ್ಲ ತಮ್ಮಾ, ಸಿಟ್ಟು ಇಟ್ಟುಕೊಳ್ಳಬೇಡ ಎಂದಳು.

ಧುಳಾ ಕುದುರೆಯ ಹಗ್ಗ ಹಿಡಿದು ನಿಂತ.

"ಅಕ್ಕಾ, ನೀ ಆ ಹಳೇ ಫೋಟೋ ತರದಿದ್ರ ಇಕಿನ್ನ ನಾ ಹಂಗ ನಡಿಸ್ಕೊಂಡ ಹೋಗತಿದ್ನಿ. ಘಾಟಿನ್ಯಾಗ ಸಾಯತಿದ್ಲು. ನಾ ಸಾಯೂಮಟ ಆ ಜೀಪಿನವಗ ಶಾಪ ಹಾಕ್ಕೋತ ಇರತಿದ್ನಿ, ಪಾಪ, ಈ ಗಂಟಿನ್ಯಾಗ ಅವನದೇನೂ ತಪ್ಪ ಇರಲಿಲ್ಲ."