ನಡುಮನೆಯ ಟೆಂಟು

ನೌರೀನಳ ಮನೆಗೆ ಹೋದಾಗಲೆಲ್ಲ ನಾನು ಚಹಾ ಕುಡಿಯುತ್ತಿದ್ದುದು ಟೆಂಟಿನೊಳಗೆ ಕೂತು. ಕ್ಯಾಂಪ್‌ಬೆಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ನಾನು ಊರಿನಿಂದ ಅಮೆರಿಕಾಕ್ಕೆ ಬಂದು ಮಗಳ ಮನೆಯಲ್ಲಿದ್ದೆ. ಅವಳು ಆಸ್ಪತ್ರೆಯ ಲ್ಯಾಬಿಗೆ ಹೋದ ಮೇಲೆ ನನಗೆ ಮಾತಿಗೆ ಸಿಗುತ್ತಿದ್ದವಳು ನೌರೀನ್ ಒಬ್ಬಳೇ.

ಅವರದು ಒಂದೇ ಮಲಗುವ ಕೋಣೆಯ ಮನೆ. ಗಂಡ ಒವೈಸ್ ಟೆಂಟು ತಂದವನು, ಕಾಡಿನಲ್ಲಿ ಕೈಕೊಟ್ಟರೆ ಏನು ಗತಿ ಎಂದು ಮೊದಲು ನಡುಮನೆಯಲ್ಲೇ ನಿಲ್ಲಿಸಿ ನೋಡಿದ. ಚೆನ್ನಾಗಿಯೇ ನಿಂತಿತು. ಮಡಚಿ ಚೀಲಕ್ಕೆ ತುರುಕಲು ಹೋದರೆ ಚೀಲ ಹಿಡಿಯಲೊಲ್ಲದು. ‘ಮುಂದಿನ ವಾರ ಕಾಡಿಗೆ ಹೋಗ್ತೀವಲ್ಲ, ಹೀಗೇ ಇರಲಿ’ ಎಂದ. ಸೋಫಾ ಗೋಡೆಗೆ ಒತ್ತಿಕೊಂಡಿತು, ಊಟದ ಮೇಜು ಬಾಲ್ಕನಿಗೆ ಹೋಯಿತು. ಅಡುಗೆಮನೆಗೆ ಹೋಗಬೇಕಾದರೆ ನೌರೀನ್ ಟೆಂಟಿನ ಒಂದು ಬಾಯಿಂದ ನುಗ್ಗಿ ಇನ್ನೊಂದು ಬಾಯಿಂದ ಹೊರಬರಬೇಕು. ಆ ಮುಂದಿನ ವಾರ ಬರದೆ ಚಳಿಗಾಲ ಕಳೆದುಹೋಯಿತು.

ನೌರೀನ್ ಮೈಸೂರಿನ ಉದಯಗಿರಿಯವಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಬಯಲಿನಲ್ಲಿ ಕಂಬಳಿ ಹಾಸಿಕೊಂಡು ನಕ್ಷತ್ರ ನೋಡುತ್ತ ಮಲಗಿ ಬಂದ ಹುಡುಗಿ. ಆಮೇಲೆ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದಳು. ಅಂಥವಳಿಗೆ ಇಲ್ಲಿ ಗಂಡನ ವೀಸಾದ ಬಾಲದಲ್ಲಿ ಇನ್ನೊಂದು ವೀಸಾ. ಇರಬಹುದು, ಉಣ್ಣಬಹುದು, ಕೆಲಸ ಮಾಡುವ ಹಾಗಿಲ್ಲ. ಕಾರು ಒಂದೇ, ಅದು ಬೆಳಗ್ಗೆ ಗಂಡನ ಜೊತೆ ಕ್ಯುಪರ್ಟಿನೋದ ಆಫೀಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಮನೆಯ ಹಿಂದೆ, ಸದಾ ಕಾರು ಹರಿಯುವ ಫ್ರೀವೇಯ ಎತ್ತರದ ಗೋಡೆ. ‘ಹಗಲೆಲ್ಲ ಹೊಳೆ ಹರಿದ ಹಾಗೆ ಸದ್ದು ಖಾಲಾ, ಕಾಲು ತೊಳೆಯೋಕೆ ಒಂದು ತೊಟ್ಟು ನೀರಿಲ್ಲ’ ಎನ್ನುತ್ತಿದ್ದಳು. ಗಂಡ ಹೆಂಡತಿ ಇಬ್ಬರಿಗೂ ನಾನು ಖಾಲಾ, ಚಿಕ್ಕಮ್ಮ.

ಅವಳು ಗಂಡನನ್ನು ಬೇಡಿದ್ದು ಒಂದೇ ಒಂದು. ಸಾಂತಾ ಕ್ರೂಜ್ ಬೆಟ್ಟದ ರೆಡ್‌ವುಡ್ ಕಾಡಿನಲ್ಲಿ ಒಂದು ರಾತ್ರಿ ಮಲಗಿ ಬರಬೇಕು. ಮುಕ್ಕಾಲು ಗಂಟೆಯ ದಾರಿ. ಒವೈಸ್ ಒಪ್ಪಿಯೂ ಇದ್ದ. ಆದರೆ ಅವನ ಆಫೀಸಿನವನೊಬ್ಬ, ಕಾಡಿನಲ್ಲಿ ದಾರಿ ತಪ್ಪಿ ಸಾಯುವಂತಾಗಿದ್ದ ಯಾರದೋ ಕಥೆ ಹೇಳಿದ. ಅವತ್ತಿನಿಂದ ಹುಡುಗ ಕಂಪ್ಯೂಟರಿನಲ್ಲಿ ಅದನ್ನೇ ಓದತೊಡಗಿದ. ಶನಿವಾರ ಬಂದರೆ ಕಾಡಿನ ಬದಲು ಅಂಗಡಿಗೆ ಹೋಗುತ್ತಿದ್ದ. ನೀರು ಸೋಸುವ ಪಂಪು ಬಂತು, ದಿಕ್ಸೂಚಿ ಬಂತು, ಬಿಸಿಲು ಹೊಳೆಯಿಸಿ ವಿಮಾನದವರನ್ನು ಕರೆಯುವ ಕನ್ನಡಿ ಬಂತು. ಒಂದು ಸೀಟಿ ಸಾಲದೆಂದು ಇನ್ನೊಂದು ಸೀಟಿ. ಮಿಠಾಯಿಯ ಮೇಲಿನ ವರ್ಖಿನಂಥ ತೆಳು ಹೊದಿಕೆಯೊಂದನ್ನು ಬಿಡಿಸಿ ನನಗೆ ತೋರಿಸಿದ.

‘ಖಾಲಾ, ಇದನ್ನ ಹೊದ್ಕೊಂಡ್ರೆ ಮೈ ಬಿಸಿ ಹೊರಗೇ ಹೋಗಲ್ಲ.’

‘ಬಿರಿಯಾನಿ ದಮ್ಮಿಗೆ ಇಡೋಕೆ ಚೆನ್ನಾಗಿದೆ’ ಎಂದಳು ನೌರೀನ್.

ಇನ್ನೊಂದು ದಿನ ಬಂದಿದ್ದು ಕರಡಿಗೂ ತೆರೆಯಲಾಗದ ಊಟದ ಡಬ್ಬಿ.

‘ಆ ಕಾಡಲ್ಲಿ ಕರಡಿನೇ ಇಲ್ವಂತಲ್ಲರೀ.’

‘ಬಂದ್ರೆ?’

‘ಬಂದ್ರೆ ಅದೂ ನಾನೂ ಸೇರ್ಕೊಂಡು ತೆಗೀತೀವಿ. ಬೆಳಗ್ಗೆಯಿಂದ ಒಬ್ಬಳೇ ಒದ್ದಾಡ್ತಿದೀನಿ, ಮುಚ್ಚಳ ಅಲ್ಲಾಡ್ತಿಲ್ಲ.’

ನಾನು ನಕ್ಕೆ, ಒವೈಸನೂ ನಕ್ಕ. ಆದರೆ ಕಾಡಿನಲ್ಲಿ ಟೆಂಟು ಹಾಕಲು ಬುಕ್ ಮಾಡಿದ್ದ ಜಾಗವನ್ನು ಆ ಸಲವೂ ಬಿಟ್ಟುಕೊಟ್ಟ. ಅವನನ್ನು ಬೈಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಆ ಆಫೀಸಿನಿಂದ ಹೋಗಿತ್ತು. ಬಿಟ್ಟು ಬೇರೆ ಕಡೆ ಸೇರಿದರೆ ಮತ್ತೆ ಮೊದಲಿನಿಂದ. ಬೈಗುಳವೋ ಹೊಗಳಿಕೆಯೋ, ಅಲ್ಲೇ ಕೂತು ಕೇಳಿಸಿಕೊಳ್ಳಬೇಕು. ಒಂದು ದಿನ ಟೆಂಟಿನೊಳಗೆ ಹಗ್ಗ ಸುತ್ತುತ್ತ, ‘ಊರಲ್ಲಿ ಬಿದ್ರೆ ಯಾರಾದ್ರೂ ಎತ್ತುತಾರೆ ಖಾಲಾ. ಇಲ್ಲಿ ನಮಗೆ ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗುತ್ತೆ?’ ಎಂದ. ಅದು ಕಾಡಿನ ಮಾತಲ್ಲ ಎಂದು ನನಗೆ ಅನಿಸಿತು.

ಎರಡು ಸಾವಿರದ ಒಂದನೇ ಇಸವಿಯ ವಸಂತ ಬಂತು. ಇಂಟರ್‌ನೆಟ್ಟಿನ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಮ್ಮ ಕಾಂಪೌಂಡಿನ ಕಸದ ತೊಟ್ಟಿಯ ಪಕ್ಕದಲ್ಲಿ ದಿನವೂ ಒಂದು ಸೋಫಾ, ಒಂದು ತೊಟ್ಟಿಲು. ಊರಿಗೆ ಹೊರಟವರು ಬಿಟ್ಟುಹೋದದ್ದು. ಒವೈಸನ ಆಫೀಸಿನಲ್ಲೂ ಅರ್ಧ ಕುರ್ಚಿ ಖಾಲಿಯಾಗಿತ್ತು. ಕೆಲಸ ಹೋದರೆ ವೀಸಾ ಹೋಯಿತು.

‘ಒಂದು ರಾತ್ರಿ ಖಾಲಾ’ ಎಂದಳು ನೌರೀನ್, ಟೆಂಟಿನ ಜಿಪ್ಪನ್ನು ಸುಮ್ಮನೆ ಎಳೆಯುತ್ತ, ಮತ್ತೆ ಬಿಡುತ್ತ. ‘ಅಮೆರಿಕಾದಲ್ಲಿ ಏನ್ ನೋಡಿದೆ ಅಂತ ಅಮ್ಮಿ ಕೇಳಿದ್ರೆ ಏನ್ ಹೇಳ್ಲಿ? ಟೆಂಟಿನ ಒಳಭಾಗ ನೋಡಿದೆ ಅಂತ್ಲಾ?’

ಆ ಶನಿವಾರಕ್ಕೆ ಮತ್ತೆ ಜಾಗ ಬುಕ್ ಆಗಿತ್ತು. ಬೆಳಗ್ಗೆ ತೆರೆದ ಬಾಗಿಲಿನಿಂದ ಅವರ ಮಾತು ಕೇಳುತ್ತಿತ್ತು. ಎಲ್ಲವನ್ನೂ ಕಾರ್ಪೆಟ್ಟಿನ ಮೇಲೆ ಹರಡಿದ್ದರು. ಪುಟ್ಟ ಕಾರು, ಅರ್ಧವೂ ಹಿಡಿಯುವುದಿಲ್ಲ. ಒವೈಸ್ ಒಂದನ್ನು ಎತ್ತಿ ಬಿಡುವ ಗುಂಪಿಗೆ ಹಾಕುವುದು, ಮತ್ತೆ ತಂದು ಒಯ್ಯುವ ಗುಂಪಿಗೆ ಇಡುವುದು. ಕೊನೆಗೆ ಆ ಮಾತು ಬಂತು.

‘ಕಾರಿನ ಮೇಲೆ ಕಟ್ಟೋ ಪೆಟ್ಟಿಗೆ ಸಿಗುತ್ತೆ. ತಗೊಂಡು ಮುಂದಿನ ವಾರ...’

ನೌರೀನ್ ಎದ್ದು ನನ್ನ ಮನೆಗೆ ಬಂದಳು. ಕೈಯಲ್ಲಿ ಅವಳ ಹಸಿರು ದುಪಟ್ಟಾದಿಂದ ಕತ್ತರಿಸಿದ ಪಟ್ಟಿ, ಒಂದು ನಾಣ್ಯ.

‘ಖಾಲಾ, ನನಗೆ ಇಮಾಂ ಜಾಮಿನ್ ಕಟ್ಟಿ.’

ದೂರದ ಪ್ರಯಾಣಕ್ಕೆ ಹೊರಟವರ ಬಲತೋಳಿಗೆ, ಬಟ್ಟೆಯಲ್ಲಿ ನಾಣ್ಯ ಹೊಲಿದು, ದುವಾ ಓದಿ ಮನೆಯ ಹಿರಿಯರು ಕಟ್ಟುವುದು ನಮ್ಮಲ್ಲಿ ಪದ್ಧತಿ. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಕಷ್ಟದಲ್ಲಿರುವವರಿಗೆ ಕೊಡಬೇಕು. ಕಟ್ಟಿಸಿಕೊಂಡು ಹೊಸ್ತಿಲು ದಾಟದೆ ಉಳಿಯುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ, ಕೇಳಿಲ್ಲ. ಮುಕ್ಕಾಲು ಗಂಟೆಯ ದಾರಿಗೆ ಯಾರೂ ಕಟ್ಟುವುದೂ ಇಲ್ಲ.

‘ಯೋಚನೆ ಮಾಡಿದೀಯಾ ಮಗಳೇ?’

‘ವೀಸಾ ಬಂದ ದಿನದಿಂದ ಅದನ್ನೇ ಮಾಡ್ತಿದೀನಿ. ಕಟ್ಟಿ.’

ಕನ್ನಡಕ ಹಾಕಿಕೊಂಡು ಹೊಲಿದೆ. ಓದಿ, ಊದಿ, ಕಟ್ಟಿದೆ. ಇಬ್ಬರೂ ಎದುರು ಮನೆಗೆ ಹೋದೆವು. ಒವೈಸ್ ತಲೆಯೆತ್ತಿ ಅವಳ ತೋಳು ನೋಡಿದ. ಏರ್‌ಪೋರ್ಟಿನಲ್ಲಿ ಅವನ ತಾಯಿ ಅವನಿಗೆ ಕಟ್ಟಿದ್ದೂ ಇಂಥದೇ. ಕೈಯಲ್ಲಿದ್ದ ದಿಕ್ಸೂಚಿ ಕೆಳಗಿಟ್ಟ.

‘ಖಾಲಾ, ಇದೇನ್ ಮಾಡಿಬಿಟ್ರಿ?’

‘ಕೇಳಿದಳು, ಕಟ್ಟಿದೆ. ಹೊರಡೋದು ನಿಮಗೆ ಬಿಟ್ಟಿದ್ದು’ ಎಂದೆ.

‘ಇವರು ಬರದಿದ್ರೆ ನಾನು ಬಸ್ಸಲ್ಲಿ ಹೋಗ್ತೀನಿ’ ಎಂದಳು ನೌರೀನ್. ಮಂಡಿಯೂರಿ ಕೂತು ತೆಗೆದಿಡತೊಡಗಿದಳು. ನೀರಿನ ಕ್ಯಾನು, ರೊಟ್ಟಿ ಮತ್ತು ಖೀಮಾ, ಎರಡು ದಪ್ಪ ರಜಾಯಿ, ಟಾರ್ಚು, ಬೆಂಕಿಪೆಟ್ಟಿಗೆ, ನಕ್ಷೆ, ಗಾಯಕ್ಕೆ ಹಚ್ಚುವ ಔಷಧಿ. ಆಮೇಲೆ ಒಂದು ಸೀಟಿ ತೆಗೆದು ಗಂಡನ ಕೊರಳಿಗೆ ಹಾಕಿದಳು.

‘ಮಿಕ್ಕಿದ್ದು?’

‘ಮಿಕ್ಕಿದ್ದು ನಿಮ್ಮ ಹೆದರಿಕೆಯ ಸಾಮಾನು.’

‘ಅದಕ್ಕೂ ಏನಾದ್ರೂ ಬೇಕಲ್ಲೇ!’

‘ನನ್ನ ದುಪಟ್ಟಾದಲ್ಲಿ ಇನ್ನೂ ಬಟ್ಟೆ ಇದೆ, ಖಾಲಾ ಹತ್ರ ಕಟ್ಟಿಸ್ಕೊಳ್ಳಿ.’

ಟೆಂಟು ಬಿಚ್ಚಲು ಕೂತರೆ ಮಧ್ಯಾಹ್ನವಾಗುತ್ತಿತ್ತು. ಅದು ಅಲ್ಲೇ ನಿಂತಿತು. ಅವರು ಹೋದರು.

ಭಾನುವಾರ ಸಂಜೆ ಬಂದ ನೌರೀನಳ ಮೈಯೆಲ್ಲ ಹೊಗೆಯ ವಾಸನೆ, ತಲೆಯಲ್ಲಿ ರೆಡ್‌ವುಡ್ಡಿನ ಕಡ್ಡಿ. ಮರದ ಬುಡದಲ್ಲಿ ರಜಾಯಿ ಹೊದ್ದು ಬೆಳಗಿನವರೆಗೂ ಮಲಗಿದಳಂತೆ. ಒವೈಸ್ ಕಾರಿನಲ್ಲಿ ಗಾಜು ಏರಿಸಿ, ಬೀಗ ಹಾಕಿಕೊಂಡು, ಸೀಟಿ ಬಾಯಿಯ ಹತ್ತಿರ ಹಿಡಿದು ಕೂತೇ ರಾತ್ರಿ ಕಳೆದನಂತೆ. ‘ಬೆಳಗ್ಗೆ ನಾನೇ ಗಾಜು ಬಡಿದೆ. ಬಾಗಿಲು ತೆಗೆಯೋಕೂ ಹೆದರಿದ್ರು ಪಾಪ’ ಎಂದಳು. ತೋಳಿನಲ್ಲಿ ಹಸಿರು ಪಟ್ಟಿ ಹಾಗೇ ಇತ್ತು.

‘ಯಾಕೆ ಬಿಚ್ಚಲಿಲ್ಲ?’

‘ಬಿಚ್ಚಿ ಯಾರಿಗೆ ಕೊಡ್ಲಿ ಖಾಲಾ? ಕಾಡಲ್ಲಿ ಒಬ್ಬರೂ ಬಡವರು ಸಿಗಲಿಲ್ಲ. ಅಳಿಲು ಬಂದಿತ್ತು, ರೊಟ್ಟಿ ಕೇಳ್ತು, ದುಡ್ಡು ಕೇಳಲಿಲ್ಲ.’

ಅದೇ ವಾರ ಒಂದು ದಿನ ಒವೈಸ್ ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅದರಲ್ಲಿ ಅವನ ಕಾಫಿ ಲೋಟ, ಮದುವೆಯ ಫೋಟೋ. ಆಫೀಸು ಮುಚ್ಚಿತ್ತು. ಸೋಫಾದ ಮೇಲೆ ಕೂತಿದ್ದ ನಮ್ಮಿಬ್ಬರ ಮುಖ ನೋಡದೆ ಪೆಟ್ಟಿಗೆಯ ಸಮೇತ ಟೆಂಟಿನೊಳಗೆ ಹೋಗಿ ಜಿಪ್ಪು ಎಳೆದುಕೊಂಡ.

ನಾನು ಎದ್ದು ಹೋಗಲು ನೋಡಿದೆ, ನೌರೀನ್ ಕೈ ಹಿಡಿದಳು. ಹಲ್ಲಿನಿಂದ ತೋಳಿನ ಗಂಟು ಬಿಡಿಸಿ, ಹೊಲಿಗೆ ಹರಿದು, ನಾಣ್ಯ ತೆಗೆದಳು. ಜಿಪ್ಪನ್ನು ಒಂದು ಗೇಣು ಸರಿಸಿ ಕೈ ಒಳಗೆ ತೂರಿಸಿದಳು.

‘ತಗೊಳ್ಳಿ. ಹೋದ ಕಡೆ ಬಡವರು ಸಿಗಲಿಲ್ಲ, ಮನೆಯಲ್ಲೇ ಸಿಕ್ಕಿದ್ರಿ.’

ಒಳಗಿನಿಂದ ಅಳುವೋ ನಗುವೋ ಗೊತ್ತಾಗದ ಒಂದು ಸದ್ದು. ಟೆಂಟಿನ ಬಟ್ಟೆ ಅಲುಗಿತು.

‘ಊರಿಗೆ ಹೋಗೋಕೆ ಏನೇನ್ ತಗೋಬೇಕೇ?’ ಎಂದು ಕೇಳಿದ.

‘ಮೊದಲು ನೀವು ಹೊರಗೆ ಬನ್ನಿ’ ಎಂದು ನೌರೀನ್ ಜಿಪ್ಪನ್ನು ಪೂರ್ತಿ ತೆರೆದಳು.