ಖಂಡೇಪೂಜೆಯ ಮರುದಿನ ತಿರುಗದ ಮೋಟರು

ಮೋಟರು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅದಕ್ಕಿಂತ ಜೋರಾಗಿ ನನ್ನ ಮಾವ ಗುಂಯ್‌ಗುಡುತ್ತಿದ್ದರು.

"ಬೀಗರು ಕಟ್ಟಿದ ವೈಂಡಿಂಗ್ ಅಲ್ಲೇನು? ಎಷ್ಟ ದಿನಾ ಬಾಳತೈತಿ ಅದು?"

ಬೀಗರೆಂದರೆ ನನ್ನ ಅಪ್ಪ. ನಿಪ್ಪಾಣಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು. ತೊಂಬತ್ತರ ದಶಕದ ಶುರುವಿನಲ್ಲಿ, ನನ್ನನ್ನು ಸತ್ತಿ ಎಂಬ ಈ ಊರಿಗೆ ಕೊಟ್ಟ ಎರಡನೆಯ ವರ್ಷ, ಸುಟ್ಟುಹೋಗಿದ್ದ ಇದೇ ಮೋಟರನ್ನು ತರಿಸಿಕೊಂಡು, ಬೆರಳು ಊದುವವರೆಗೆ ತಂತಿ ಸುತ್ತಿ ಕಳಿಸಿದ್ದರು. ಅಲ್ಲಿಂದ ಹಬ್ಬದವರೆಗೂ ತಿಂಗಳಿಡೀ ದ್ರಾಕ್ಷಿ ತೋಟ ನೀರು ಕುಡಿದದ್ದು ಅದರಿಂದಲೇ. ಆಗ ಯಾರ ಬಾಯಲ್ಲೂ ಬೀಗರ ಹೆಸರು ಬರಲಿಲ್ಲ. ಕೆಟ್ಟ ಕೂಡಲೇ ಬಂತು.

ಹೊಸ ಚಿಗುರಿಗೆಂದು ದ್ರಾಕ್ಷಿಬಳ್ಳಿ ಕತ್ತರಿಸಿ ನಾಲ್ಕು ದಿನವಾಗಿತ್ತು, ಆವತ್ತು ನೀರು ಬೇಕೇ ಬೇಕು. ಕರೆಂಟು ಮಧ್ಯಾಹ್ನದವರೆಗೆ ಮಾತ್ರ. ನನ್ನ ಗಂಡ ಸ್ಟಾರ್ಟರಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಹಾಗೆ ಒತ್ತುತ್ತ ಹೋದರೆ ವೈಂಡಿಂಗ್ ನಿಜಕ್ಕೂ ಸುಡುತ್ತದೆ. ಆಮೇಲೆ ಅಪ್ಪನ ಮರ್ಯಾದೆ ಮಣ್ಣುಪಾಲು.

"ಬಂದ್ ಮಾಡ್ರಿ!" ಎಂದು ಕಿರುಚಿದೆ.

ಮಾವನೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ಹೆಣ್ಮಕ್ಕಳಿಗೆ ಏನ್ ತಿಳೀತೈತಿ ಇದರಾಗ?" ಎಂದರು.

"ಇದರಾಗನ ಹುಟ್ಟಿ ಬೆಳದೇನ್ರಿ," ಎಂದೆ.

ಮೇನ್ ಸ್ವಿಚ್ ತೆಗೆದು ಮೋಟರಿನ ದಂಡವನ್ನು ಕೈಯಿಂದ ತಿರುವಿದೆ. ಸಲೀಸಾಗಿ ತಿರುಗಿತು. ಪಂಪಿನೊಳಗೆ ಏನೂ ಸಿಕ್ಕಿಕೊಂಡಿಲ್ಲ ಎಂದಾಯಿತು. ಹಾಗಾದರೆ ಮೂರು ಫೇಜಿನ ಕರೆಂಟಿನಲ್ಲಿ ಒಂದು ಬರುತ್ತಿಲ್ಲ. ಅಪ್ಪನ ಅಂಗಡಿಯಲ್ಲಿ ಇದು ಮೊದಲ ಪಾಠ.

ಪಿಂಗಾಣಿ ಫ್ಯೂಜುಗಳನ್ನು ಒಂದೊಂದಾಗಿ ಕಿತ್ತೆ. ಮೂರಕ್ಕೂ ವಿಭೂತಿ, ಕುಂಕುಮ. ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಪೂಜೆಯ ದಿನ ಯಾರೂ ಮೋಟರು ಚಾಲೂ ಮಾಡಬಾರದೆಂದು ಮಾವ ಫ್ಯೂಜುಗಳನ್ನೇ ಕಿತ್ತು ಮನೆಗೆ ತಂದು, ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಇಡಿಸುತ್ತಿದ್ದರು. ತಾಮ್ರ, ಹಿತ್ತಾಳೆ ಏನಿದ್ದರೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಎರಡನೆಯ ಫ್ಯೂಜಿನಲ್ಲಿ, ಒಣಗಿದ ವಿಭೂತಿಯ ಅಡಿಯಲ್ಲಿ, ತಂತಿ ಹರಿದಿತ್ತು.

ತಿಕ್ಕಿದವಳು ನಾನು. "ಲಕಲಕ ಅನಬೇಕ್ ನೋಡು," ಎಂದಿದ್ದರು ಅತ್ತೆ. ವೈಂಡಿಂಗ್ ಅಂಗಡಿಯವರ ಮಗಳು, ಒಳಗೆ ತಂತಿ ಇದೆ ಅನ್ನುವ ಖಬರಿಲ್ಲದೆ, ತಂಬಿಗೆ ತಿಕ್ಕಿದ ಹಾಗೆ ತಿಕ್ಕಿದ್ದೆ.

ಹರಿದ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಹೊಸ ತಂತಿ ಹಾಕಿ, "ಫ್ಯೂಜ್ ಹೋಗಿತ್ರಿ," ಎಂದೆ.

"ಹ್ಯಾಂಗ ಹೋತು?"

"ನನಗೇನ್ ಗೊತ್ರಿ."

ಮೋಟರು ತಿರುಗಿತು, ನೀರು ಬಂತು. ಅಷ್ಟಕ್ಕೇ ಬಿಡುವ ಜನವೇ ಅವರು? ಬೀಗರ ವೈಂಡಿಂಗ್ ಫ್ಯೂಜು ಸುಡುತ್ತದೆ, ಸೊಸೆ ಜಾಣೆ, ಹೇಗೋ ಚಾಲೂ ಮಾಡಿದಳು ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗಿದರು. ಹೊಗಳಿಕೆ ನನಗೆ, ಕೆಸರು ಅಪ್ಪನಿಗೆ. ನಾನು ನನ್ನ ತಪ್ಪು ಮುಚ್ಚಿಟ್ಟುಕೊಂಡೆ.

ದೀಪಾವಳಿಗೆ ನನ್ನನ್ನು ಕರೆದೊಯ್ಯಲು ಅಪ್ಪ ಬಂದರು. ಊಟಕ್ಕೆ ಕೂತಾಗ ಮಾವ ನಗುತ್ತಲೇ ಮಾತು ತೆಗೆದರು. "ಬೀಗರ, ನಿಮ್ಮ ವೈಂಡಿಂಗ್ ಫ್ಯೂಜ್ ತಿನ್ನತೈತ್ರಿ. ಮಗಳು ಇದ್ದದ್ದಕ್ಕ ಬಳ್ಳಿ ಉಳದಾವು."

ಅಪ್ಪನ ಕೈ ತಾಟಿನಲ್ಲೇ ನಿಂತಿತು. ತಾವು ಸುತ್ತಿದ ಒಂದೊಂದು ಸುತ್ತನ್ನೂ ಮನಸ್ಸಿನಲ್ಲಿ ಬಿಚ್ಚಿ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಎಲ್ಲೋ ತಪ್ಪಿರಬೇಕ್ರಿ," ಎಂದರು, ತಲೆ ತಗ್ಗಿಸಿ. "ತಗೊಂಡ ಹೋಗಿ ಮತ್ತ ಕಟ್ಟಿ ಕೊಡ್ತೇನ್ರಿ."

ಹೋಳಿಗೆಯ ಬುಟ್ಟಿಯನ್ನು ಧೊಪ್ಪೆಂದು ಕೆಳಗಿಟ್ಟೆ.

"ಅಪ್ಪಾ, ನೀ ತಲಿ ತಗ್ಗಸಬ್ಯಾಡ. ವೈಂಡಿಂಗ್ ಬರೋಬ್ಬರಿ ಐತಿ. ಇವರ ಪೂಜಾಕ್ಕ ಫ್ಯೂಜ್ ತಿಕ್ಕಿ ತಂತಿ ಹರದಾಕಿ ನಾನು."

ಮಾವ ನೀರಿನ ತಂಬಿಗೆಗೆ ಕೈ ಹಾಕಿದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲಿನದೂ.

ಬೀಗರ ಮನೆಯಲ್ಲಿ ಬಾಯಿಬಿಟ್ಟು ಏನನ್ನೂ ಕೇಳದ ಅಪ್ಪ ಆವತ್ತು ತಲೆ ಎತ್ತಿ ತಾಟು ಮುಂದೆ ಮಾಡಿ, "ಇನ್ನೊಂದ ಹೋಳಿಗಿ ಹಾಕವಾ," ಎಂದರು.