ಮೈಕ್ ಸೆಟ್ ಆಂಜಿನಪ್ಪನ ಕಿವಿ

ಆದೋನಿಯಲ್ಲಿ ಬರೀ ಆಂಜಿನಪ್ಪ ಎಂದರೆ ಯಾವ ಆಂಜಿನಪ್ಪ ಎಂದು ಕೇಳುತ್ತಾರೆ. ಮೈಕ್ ಸೆಟ್ ಆಂಜಿನಪ್ಪ ಎಂದರೆ ಮನೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಆಸ್ಪರಿಯಿಂದ ಹಾಲಹರವಿಯವರೆಗೆ ಅವನ ಬಾಕ್ಸುಗಳು ಮೊಳಗದ ಮದುವೆ ಕಡಿಮೆ. ಮೀಸೆ ಮೂಡುವ ವಯಸ್ಸಿನಲ್ಲಿ ಲೌಡ್‌ಸ್ಪೀಕರ್ ಹೊತ್ತು ಈ ದಂಧೆಗೆ ಬಿದ್ದವನು, ಅಂದಿನಿಂದ ಅದರ ಬಾಯಿಯ ಮುಂದೆಯೇ ಬದುಕಿದವನು. ಮಿಕ್ಸರ್ ಮುಂದೆ ಕೂತು ಕಣ್ಣು ಮುಚ್ಚಿ ಗುಂಡಿ ತಿರುಗಿಸಿದನೆಂದರೆ ಎಂಥ ಒಡಕು ಗಂಟಲೂ ಹದಕ್ಕೆ ಬರುತ್ತಿತ್ತು. ಆಂಜಿನಪ್ಪನ ಕಿವಿ ಎಂದರೆ ಕಿವಿ ಎಂದು ಊರು ಹೇಳುತ್ತಿತ್ತು. ಊರಿಗಿಂತ ಜೋರಾಗಿ ಅವನೇ ಹೇಳಿಕೊಳ್ಳುತ್ತಿದ್ದ.

ಹೋದ ಮಾಘಮಾಸದಲ್ಲಿ ಆಸ್ಪರಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಮಗಳು ಲಾವಣ್ಯ ಡಿಗ್ರಿ ಮುಗಿಸಿ ಅಪ್ಪನ ಜೊತೆಗೇ ದಂಧೆ ನೋಡಿಕೊಳ್ಳುತ್ತಿದ್ದಳು. ಟ್ರೆಬಲ್ ವಿಪರೀತ ಆಯಿತು, ಮೇಲಿನ ತೆಳು ದನಿ ಸೂಜಿಯ ಹಾಗೆ ಚುಚ್ಚುತ್ತಿದೆ, ಇಳಿಸು ಎಂದಳು. ಇಳಿಸಿದರೆ ಹಾಡು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ ಎಂದು ಇವನು ಇನ್ನಷ್ಟು ಏರಿಸಿದ. ಮುಂದಿನ ಮದುವೆಯಲ್ಲೂ ಅದೇ ದೂರು, ಅದರ ಮುಂದಿನದರಲ್ಲೂ ಅದೇ. ಕೊನೆಗೆ ಲಾವಣ್ಯ ಮುಲಾಜಿಲ್ಲದೆ ಹೇಳಿಬಿಟ್ಟಳು, ಇನ್ನು ಮೇಲೆ ಮಿಕ್ಸರ್ ಮುಂದೆ ತಾನು ಕೂರುತ್ತೇನೆ ಎಂದು.

ಆಂಜಿನಪ್ಪನಿಗೆ ಆ ಮಾತು ಎದೆಗೆ ನಾಟಿತು. ಫೋನಿನಲ್ಲಿ ಹಾಡು ಕೇಳಿ ಕೆಟ್ಟ ಕಿವಿ ನಿಮ್ಮದು, ನಿಜವಾದ ಸೌಂಡ್ ಎಂದರೆ ಏನೆಂದು ತೋರಿಸುತ್ತೇನೆ ಎಂದು ಹಟ ಹಿಡಿದ. ಹೈದರಾಬಾದಿನಿಂದ ಹೈ-ರೆಸ್ ಡಿಸ್ಕುಗಳನ್ನೂ ಅವನ್ನು ಹಾಕುವ ಬೇರೆ ಪ್ಲೇಯರನ್ನೂ ತರಿಸಿದ. ನೋಡಲು ಸಾದಾ ಸಿ.ಡಿ.ಯ ಹಾಗೆಯೇ, ಆದರೆ ಹಾಡಿನ ಸಣ್ಣ ಎಳೆಯೂ ಬಿಟ್ಟುಹೋಗದಂತೆ ಒಳಗೆ ತುಂಬಿರುತ್ತದೆ ಎಂದು ಮಾರುವವರ ಮಾತು. ಪ್ಲೇಯರ್ ವಿದೇಶದ್ದು, ನಮ್ಮ ಕರೆಂಟಿಗೆ ಹೊಂದದ್ದು, ಅದಕ್ಕೊಂದು ಅಗ್ಗದ ಅಡಾಪ್ಟರ್ ಕೂಡಿಸಿದ. ಮಧ್ಯಾಹ್ನ ಲಾವಣ್ಯ ಮನೆಯ ಮುಂಭಾಗದ ಮೈಕ್ ಸೆಟ್ ಅಂಗಡಿಯಲ್ಲಿದ್ದಾಗ ಒಳಮನೆಯ ಬಾಗಿಲು ಮುಚ್ಚಿ ಕೊಳಲು ಕೇಳುತ್ತಿದ್ದ. ಹೆಂಡತಿ ಸುಂಕಮ್ಮ ಪಕ್ಕದಲ್ಲಿ ಕೂರುತ್ತಿದ್ದಳು. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಅಲ್ಲಾಡದೆ ಕೂತ ಅವಳನ್ನು ನೋಡಿ, ಹಾಡಿನ ಗಂಧವಿಲ್ಲದವಳೂ ಹೇಗೆ ಮುಳುಗಿಹೋಗಿದ್ದಾಳೆ ಎಂದು ಅವನು ಹಿಗ್ಗುತ್ತಿದ್ದ.

ಸುಂಕಮ್ಮನ ತಮ್ಮ ಸೂರಿ ಬಂದದ್ದು ಈ ಹೊತ್ತಿನಲ್ಲಿ. ಪತ್ತಿಕೊಂಡದಲ್ಲಿ ಮೇಷ್ಟ್ರು, ಮನೆ ತುಂಬ ಸಿ.ಡಿ. ಇಟ್ಟುಕೊಂಡವನು. ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಮನೆಯಲ್ಲಿ ಕೂತು ಕೇಳಲು ಇದು ದಂಡ, ಸಾದಾ ಸಿ.ಡಿ.ಯಲ್ಲಿ ಇರುವುದಕ್ಕಿಂತ ಹೆಚ್ಚು ಮನುಷ್ಯರ ಕಿವಿಗೆ ಹತ್ತುವುದಿಲ್ಲ ಎಂದ. ಮನುಷ್ಯರ ಕಿವಿ ಎಂದದ್ದೇ ಆಂಜಿನಪ್ಪನನ್ನು ರೇಗಿಸಿತು.

"ಪರೀಕ್ಷಾ ಮಾಡಾಮ ಸೂರಿ. ಯಾವ್ದು ಸಾದಾ, ಯಾವ್ದು ಹೈ-ರೆಸ್ ಅಂತ ನಾ ಹೇಳದಿದ್ರ, ನಾಳೆ ನಿಮ್ಮೂರ ಮದುವಿಗೆ ಲಾವಣ್ಯನೇ ಮಿಕ್ಸರ್ ಮುಂದ ಕುಂದರ್ಲಿ."

ಮಗಳನ್ನು ಅಂಗಡಿಯಿಂದ ಕರೆಸಿದ. ಒಂದೇ ಕೊಳಲಿನ ಹಾಡು ಹಳೆಯ ಪ್ಲೇಯರಿನಲ್ಲಿ ಸಾದಾ ಸಿ.ಡಿ.ಯಾಗಿ, ಹೊಸದರಲ್ಲಿ ಹೈ-ರೆಸ್ ಆಗಿ. ಎರಡೂ ಒಂದೇ ಆಂಪ್ಲಿಫೈಯರಿಗೆ. ತುಸು ಜೋರಾಗಿರುವುದೇ ಚೆಂದ ಕೇಳುತ್ತದೆಂಬ ಮೋಸ ಅವನಿಗೆ ಗೊತ್ತಿದ್ದುದರಿಂದ ಎರಡರ ವಾಲ್ಯೂಮನ್ನೂ ತಾನೇ ಸಮ ಮಾಡಿದ. ದುಪ್ಪಟಿ ಅಡ್ಡ ಕಟ್ಟಿ ಅದರ ಹಿಂದೆ ಲಾವಣ್ಯ ನಿಂತಳು. ಆಂಜಿನಪ್ಪ, ಸೂರಿ, ಸುಂಕಮ್ಮ ಮೂವರೂ ಕಣ್ಣು ಮುಚ್ಚಿ, ಬಾಯಿ ಬಿಡದೆ, ಸಾದಾ ಆದರೆ ಒಂದು ಬೆರಳು, ಹೈ-ರೆಸ್ ಆದರೆ ಎರಡು ತೋರಿಸಬೇಕು.

ಕೊಳಲು ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಆಂಜಿನಪ್ಪ ಉಸಿರು ಬಿಗಿಹಿಡಿದು ಕೇಳಿದ. ಅದೇ ಕೊಳಲು, ಅದೇ ಉಸಿರು. ಎಲ್ಲೋ ಒಂದು ಎಳೆ ಹೆಚ್ಚಿರಬೇಕು, ಇದ್ದೇ ಇರಬೇಕು ಎಂದು ತಡಕಾಡಿದ, ಏನೂ ಸಿಗಲಿಲ್ಲ. ಇಷ್ಟು ದಿನ ಬಾಗಿಲು ಮುಚ್ಚಿಕೊಂಡು ತಾನು ಕೇಳಿದ್ದಾದರೂ ಏನನ್ನು ಎಂಬ ಭಯ ಹುಟ್ಟಿತು. ಬಾಯಿಗೆ ಬಂದ ದೇವರನ್ನು ನೆನೆದು ಒಂದು ಸಲ ಒಂದು ಬೆರಳು, ಇನ್ನೊಂದು ಸಲ ಎರಡು ಎತ್ತಿದ. ಲಾವಣ್ಯ ಬದಲಿಸುತ್ತಲೇ ಇದ್ದಳು, ಅವನಿಗೆ ಅದು ಮುಗಿಯುವಂತೆಯೇ ಕಾಣಲಿಲ್ಲ.

ಕೊನೆಗೆ ಲಾವಣ್ಯ ಈಚೆ ಬಂದಳು. ಗೆದ್ದವಳ ಮುಖವಾಗಿರಲಿಲ್ಲ ಅದು. ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದಳು. ಅವ್ವ ಮತ್ತು ಮಾವ ಒಂದರಲ್ಲೂ ತಪ್ಪಿಲ್ಲ ಎಂದಳು.

ಆಂಜಿನಪ್ಪನಿಗೆ ಹೋದ ಜೀವ ಬಂದಂತಾಯಿತು. ತಾನು ಸೋತರೂ ಡಿಸ್ಕು ಗೆದ್ದಿತಲ್ಲ! ಫರಕು ಇದೆಯೆಂದು ಸೂರಿಯ ಬೆರಳೇ ಹೇಳಿತಲ್ಲ ಎಂದು ತೊಡೆ ತಟ್ಟಿದ. ಸೂರಿ ನೆಲ ನೋಡಿದ.

"ಅಪ್ಪಾ," ಎಂದಳು ಲಾವಣ್ಯ ಮೆಲ್ಲಗೆ, "ಹೊಸದು ಹಾಕಿದಾಗೆಲ್ಲ ಕುಯ್ಯ್ ಅಂತ ಐತಲ್ಲ, ತಲಿ ಒಳಗ ಕೊರದಂಗ. ನಿನಗ ಕೇಳಂಗಿಲ್ಲೇನು?"

"ಯಾವ ಕುಯ್ಯ್?"

ಸದ್ದು ಆ ಅಗ್ಗದ ಅಡಾಪ್ಟರಿನದು ಎಂದು ಲಾವಣ್ಯ ಅಂಗಡಿಗೆ ಹೋಗಿ ಬೇರೆಯದನ್ನು ತಂದು ಹಾಕಿದಳು. ಮತ್ತೆ ಎರಡನ್ನೂ ಬದಲಿಸಿ ಬದಲಿಸಿ ಕೇಳಿಸಿದಳು. ಈ ಸಲ ಸೂರಿಯೂ ತಪ್ಪಿದ, ಸುಂಕಮ್ಮನೂ ತಪ್ಪಿದಳು. ಸೂರಿ ಹೇಳಿದ್ದೇ ನಿಜವಾಗಿತ್ತು. ಆದರೆ ಅವನಿಗೆ ಅದನ್ನು ಹೇಳಿಕೊಳ್ಳುವ ಮನಸ್ಸಿರಲಿಲ್ಲ.

ಆಂಜಿನಪ್ಪ ಹೆಂಡತಿಯ ಕಡೆ ತಿರುಗಿದ. "ಈ ಸೌಂಡ್ ಯಾವಾಗಿಂದ ಐತಿ?"

"ತಂದ ದಿನದಿಂದ."

"ದಿನಾ ಬಾಜೂಕ ಕುಂತಿದ್ದಿ. ಒಂದ್ ಮಾತು ಹೇಳಬಾರದಾ?"

ಸುಂಕಮ್ಮ ಸೆರಗಿನ ಅಂಚು ಹಿಸುಕಿದಳು. "ಹೆಂಗ ಹೇಳ್ಲಿ? ಹೇಳಿದ್ರ ನಿಮಗ ಕೇಳಂಗಿಲ್ಲ ಅನ್ನೋದೂ ಹೇಳಿದಂಗ ಆಕ್ಕಿತ್ತು."

ಮೊದಲಿನ ಅಗ್ಗದ ಅಡಾಪ್ಟರನ್ನೇ ತಿರುಗಿ ಹಾಕು ಎಂದ ಆಂಜಿನಪ್ಪ ಮಗಳಿಗೆ. ಲಾವಣ್ಯ ಬೇಡ ಎಂದರೂ ಕೇಳಲಿಲ್ಲ. ಕೊಳಲು ಹೊರಟಿತು, ಅವನಿಗೆ ಎಂದಿನ ಹಾಗೆಯೇ ಇಂಪಾಗಿ. ಅವನ ಕಣ್ಣು ಮಾತ್ರ ಸುಂಕಮ್ಮನ ಮುಖದ ಮೇಲಿತ್ತು. ಅವಳ ಹುಬ್ಬುಗಳು ಗಂಟಿಕ್ಕಿದವು, ಕಣ್ಣು ಮುಚ್ಚಿಕೊಂಡವು. ಮಧ್ಯಾಹ್ನಗಳ ಅದೇ ಮುಖ. ತೆಗೆ ಎಂದ. ಲಾವಣ್ಯ ತೆಗೆದಳು. ಹುಬ್ಬಿನ ಗಂಟು ಸಡಿಲವಾಯಿತು. ಆಂಜಿನಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಮರುಕ ಬಂತು.

"ನಾಳೆ ಮಿಕ್ಸರ್ ಮುಂದ ನೀ ಕುಂದರು," ಎಂದ ಮಗಳಿಗೆ. "ವೈರ್ ನಾ ಎಳೀತೀನಿ."

ಮರುದಿನ ಪತ್ತಿಕೊಂಡದಲ್ಲಿ ವೈರು ಎಳೆದು, ಬಾಕ್ಸು ಎತ್ತಿಟ್ಟು, ಮಿಕ್ಸರಿನ ಹತ್ತಿರ ಸುಳಿಯದೆ ಊಟದ ಪಂಕ್ತಿಯ ಹಿಂದೆ ಹೋಗಿ ನಿಂತ. ಹಾಡು ಶುರುವಾಯಿತು, ಅವನಿಗೆ ಕಂಬಳಿಯೊಳಗಿಂದ ಬಂದಂತೆ. ಉಣ್ಣುತ್ತಿದ್ದ ಹೆಂಗಸರನ್ನು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರನ್ನಾಗಿ ನೋಡುತ್ತ ಬಂದ. ಒಂದು ಸೆರಗೂ ಕಿವಿಯ ಕಡೆಗೆ ಏಳಲಿಲ್ಲ. ಅವನು ದೂರದಿಂದಲೇ ಮಗಳಿಗೆ ಕೈ ಎತ್ತಿ, ಹಾಗೇ ಇರಲಿ ಎಂದು ಸನ್ನೆ ಮಾಡಿದ.